ವಾಲಿಬಾಲ್‌ನಲ್ಲಿ ಕೈಗಿಂತ ಮೊದಲು ಕಾಲು: ಮೂಲ ಕೌಶಲಗಳನ್ನು ಕಲಿಯುವ, ಕಲಿಸುವ ಬಗೆ

ಬಾಸ್ಕೆಟ್‌ಬಾಲ್ ಆಡುವವರು ಚೆಂಡನ್ನು ಹಿಡಿದು ಒಂದು ಕ್ಷಣ ಯೋಚಿಸಬಹುದು. ಫುಟ್‌ಬಾಲ್‌ನಲ್ಲಿ ಚೆಂಡನ್ನು ಕಾಲಡಿ ನಿಲ್ಲಿಸಿಕೊಂಡು ಸುತ್ತ ನೋಡಬಹುದು. ವಾಲಿಬಾಲ್‌ನಲ್ಲಿ ಆ ಅನುಕೂಲವೇ ಇಲ್ಲ. ಚೆಂಡನ್ನು ಹಿಡಿಯುವಂತಿಲ್ಲ, ಎಸೆಯುವಂತಿಲ್ಲ. ಬ್ಲಾಕ್ ಮಾಡಿದ, ಅಂದರೆ ಎದುರಾಳಿಯ ಹೊಡೆತವನ್ನು ನೆಟ್ ಬಳಿ ಜಿಗಿದು ಕೈಯಿಂದ ತಡೆದ ಸಂದರ್ಭ ಬಿಟ್ಟರೆ ಒಬ್ಬರೇ ಸತತವಾಗಿ ಎರಡು ಸಲ ಮುಟ್ಟುವಂತಿಲ್ಲ. ತಂಡಕ್ಕೆ ಸಿಗುವುದು ಮೂರೇ ಸ್ಪರ್ಶ. ಕೈಗೆ ತಾಗಿದ ಚೆಂಡು ಕಣ್ಣು ಮಿಟುಕಿಸುವುದರೊಳಗೆ ಕೈ ಬಿಟ್ಟು ಹೋಗಿರುತ್ತದೆ. ಅಷ್ಟು ಹೊತ್ತಿನಲ್ಲಿ ಯಾವ ತಪ್ಪನ್ನೂ ತಿದ್ದಿಕೊಳ್ಳಲಾಗದು.

ಹಾಗಾಗಿ ಈ ಆಟದಲ್ಲಿ ಒಳ್ಳೆಯ ಸ್ಪರ್ಶ ಎನ್ನುವುದು ಚೆಂಡು ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಎಲ್ಲಿ ನಿಂತಿದ್ದೀರಿ, ನಿಂತಿದ್ದೀರೋ ಇನ್ನೂ ಓಡುತ್ತಿದ್ದೀರೋ, ಮೈ ಯಾವ ಕಡೆ ತಿರುಗಿದೆ ಎನ್ನುವುದೇ ಮುಖ್ಯ. ಹೊಸಬರ ತಪ್ಪು ಕೈಯಲ್ಲಿ ಕಾಣಿಸುತ್ತದೆ, ಹುಟ್ಟುವುದು ಮಾತ್ರ ಕಾಲಿನಲ್ಲಿ. ಕೋಚ್ ಆದವರು ಚೆಂಡಿನ ಹಿಂದೆ ಕಣ್ಣು ಓಡಿಸುವುದನ್ನು ಬಿಟ್ಟು ಆಟಗಾರನ ಪಾದಗಳನ್ನು ನೋಡುವುದನ್ನು ರೂಢಿಸಿಕೊಂಡರೆ ತಿದ್ದಬೇಕಾದದ್ದು ಏನು ಎಂಬುದು ಬೇಗ ಗೊತ್ತಾಗುತ್ತದೆ.

ನಿಲುವು

ಪಾದಗಳು ಭುಜದ ಅಗಲಕ್ಕಿಂತ ತುಸು ಹೆಚ್ಚು ದೂರ ಇರಲಿ, ಒಂದು ಪಾದ ಅರ್ಧ ಹೆಜ್ಜೆ ಮುಂದಿರಲಿ. ಮೈಭಾರ ಪಾದದ ಮುಂಭಾಗದ ಮೇಲೆ. ಹಿಮ್ಮಡಿಯ ಕೆಳಗೆ ಒಂದು ಕಾಗದ ತೂರಿಸುವಷ್ಟು ಜಾಗ ಇದ್ದರೆ ಸಾಕು. ಮಂಡಿ ಬಾಗಿ ಕಾಲ್ಬೆರಳಿಗಿಂತ ಸ್ವಲ್ಪ ಮುಂದೆ ಬಂದಿರಬೇಕು. ಕೈಗಳು ಸೊಂಟ ಮತ್ತು ಮಂಡಿಯ ನಡುವಿನ ಎತ್ತರದಲ್ಲಿ, ಮೈಯ ಮುಂದೆ, ಬೇರೆಬೇರೆಯಾಗಿ ಇರಬೇಕು.

ಕೈ ಬೇರೆಬೇರೆ ಇರಬೇಕೆಂಬುದನ್ನು ಒತ್ತಿ ಹೇಳಬೇಕು. ಹೊಸದಾಗಿ ಕಲಿಯುವವರು ಚೆಂಡು ಆಚೆ ಇರುವಾಗಲೇ ಎರಡೂ ಕೈ ಜೋಡಿಸಿ ಕಾಯುತ್ತಾರೆ. ಜೋಡಿಸಿದ ಕೈಯಲ್ಲಿ ಓಡಲಾಗದು. ಹೆಜ್ಜೆ ಇಡುವ ಬದಲು ಸೊಂಟ ಬಗ್ಗಿಸಿ ತೋಳು ಚಾಚುತ್ತಾರೆ. ಮೊದಲು ಹೆಜ್ಜೆ, ನಿಂತ ಮೇಲೆ ಕೈ ಜೋಡಣೆ. ಎರಡು ಮೂರು ಮೀಟರ್ ಒಳಗಿನ ದೂರವಾದರೆ ಪಾದಗಳನ್ನು ದಾಟಿಸದೆ ಪಕ್ಕಕ್ಕೆ ಜಾರುಹೆಜ್ಜೆ ಹಾಕಿದರೆ ಸಾಕು. ಅದಕ್ಕಿಂತ ಹೆಚ್ಚಾದರೆ ತಿರುಗಿ ಓಡಲೇಬೇಕು. ಎದುರಾಳಿ ಚೆಂಡನ್ನು ಹೊಡೆಯುವ ಕ್ಷಣಕ್ಕೆ ಸರಿಯಾಗಿ ನೆಲದಿಂದ ಒಂದಿಷ್ಟೇ ಎದ್ದು ಎರಡೂ ಪಾದ ಊರುವ ಸಣ್ಣ ಕುಪ್ಪಳಿಕೆ ಒಂದಿದೆ. ಊರಿದ ಪಾದದಿಂದ ಯಾವ ದಿಕ್ಕಿಗಾದರೂ ಚಿಮ್ಮಬಹುದು. ಮೊದಲ ವಾರದಲ್ಲೇ ಇದನ್ನು ಕಲಿಸಬಹುದು.

ಪಾಸ್

ಇಡೀ ಆಟ ನಿಂತಿರುವುದು ಮುಂಗೈ ಪಾಸ್ ಮೇಲೆ. ಎಷ್ಟೇ ಎತ್ತರಕ್ಕೆ ಜಿಗಿಯುವ ಸ್ಮ್ಯಾಶರ್ (ಜಿಗಿದು ಚೆಂಡನ್ನು ಎದುರಿನ ಅಂಕಣಕ್ಕೆ ಬಲವಾಗಿ ಹೊಡೆಯುವವರು) ಇದ್ದರೂ ಮೊದಲ ಸ್ಪರ್ಶ ಕೆಟ್ಟರೆ ಅವರ ಕೈಗೆ ಚೆಂಡೇ ಸಿಗುವುದಿಲ್ಲ. ಕಲಿಯುವ ಮಕ್ಕಳಿಗೆ ಸ್ಮ್ಯಾಶ್ ಮೇಲೆ ಆಸೆ, ಅದು ಸಹಜ. ಆದರೂ ಅಭ್ಯಾಸದ ಹೆಚ್ಚಿನ ಪಾಲು ಪಾಸ್‌ಗೇ ಸಲ್ಲಬೇಕು.

ಕೈ ಜೋಡಣೆ ಹೀಗೆ: ಒಂದು ಕೈಯ ಬೆರಳುಗಳ ಮೇಲೆ ಇನ್ನೊಂದು ಕೈಯ ಬೆರಳುಗಳನ್ನಿಟ್ಟು ಎರಡೂ ಹೆಬ್ಬೆರಳನ್ನು ಪಕ್ಕಪಕ್ಕ, ಸಮಮಟ್ಟದಲ್ಲಿ ಜೋಡಿಸಬೇಕು. ಬೆರಳುಗಳನ್ನು ಒಂದರೊಳಗೊಂದು ಹೆಣೆಯಬಾರದು. ಬಿದ್ದಾಗ, ಅಥವಾ ಚೆಂಡು ತಪ್ಪಿ ತಾಗಿದಾಗ ಬೆರಳು ಉಳುಕುತ್ತದೆ. ಮೊಣಕೈ ನೇರ, ಮಣಿಕಟ್ಟು ಕೆಳಕ್ಕೆ ಬಾಗಿರಬೇಕು. ಆಗ ಮುಂಗೈಗಳ ಒಳಭಾಗ ಮೇಲಕ್ಕೆ ತಿರುಗಿ ಒಂದು ಚಪ್ಪಟೆ ಹಲಗೆಯಂತಾಗುತ್ತದೆ. ಚೆಂಡು ತಾಗಬೇಕಾದದ್ದು ಮಣಿಕಟ್ಟಿನಿಂದ 5ರಿಂದ 10 ಸೆಂಟಿಮೀಟರ್ ಮೇಲಿನ ಆ ಮೆತ್ತನೆಯ ಜಾಗಕ್ಕೆ, ಎರಡೂ ಕೈಗೆ ಒಟ್ಟಿಗೆ.

ಗೋಡೆಗೆ ಓರೆಯಾಗಿ ಎಸೆದ ಚೆಂಡು ಬಂದ ಕೋನದಲ್ಲೇ ಆಚೆ ಕಡೆಗೆ ಪುಟಿಯುತ್ತದೆ. ಮುಂಗೈ ಹಲಗೆಯೂ ಹಾಗೆಯೇ. ಹಲಗೆ ನೇರವಾಗಿ ಗುರಿಯ ಕಡೆ ನೋಡಬಾರದು. ಚೆಂಡು ಬರುವ ದಿಕ್ಕು ಮತ್ತು ಹೋಗಬೇಕಾದ ದಿಕ್ಕು ಇವೆರಡರ ನಡುವೆ ನೋಡಬೇಕು. ಚೆಂಡು ನಿಮ್ಮ ಎಡಪಕ್ಕಕ್ಕೆ ಬಂತು, ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವವರು) ಬಲಮುಂದೆ ಇದ್ದಾರೆ ಎಂದುಕೊಳ್ಳಿ. ಆಗ ಬಲ ಭುಜವನ್ನು ತಗ್ಗಿಸಿ ಎಡ ಭುಜವನ್ನು ಏರಿಸಿದರೆ ಹಲಗೆ ಒಳಗಡೆಗೆ ಮುಖ ಮಾಡುತ್ತದೆ. ತೋಳು ಬೀಸುವ ಅಗತ್ಯವಿಲ್ಲ. ಬೀಸಿದರೆ ಕೋನ ಪ್ರತಿ ಕ್ಷಣ ಬದಲಾಗುತ್ತದೆ, ಚೆಂಡು ಯಾವ ಕ್ಷಣಕ್ಕೆ ತಾಗಿತೋ ಆ ಕೋನಕ್ಕೆ ಹೋಗುತ್ತದೆ, ಎಲ್ಲಿಗೆಂದು ಯಾರೂ ಹೇಳಲಾರರು.

ಹಾಗಾದರೆ ಬಲ ಎಲ್ಲಿಂದ ಬರುತ್ತದೆ? ನಿಧಾನವಾಗಿ ಬಂದ ಚೆಂಡಿಗೆ ಮಂಡಿಯಿಂದ ಎದ್ದು ಬಲ ಕೊಡಬೇಕು. ತೋಳಿನ ಕೋನ ಹಾಗೇ ಇದ್ದು ಮೈ ಪೂರ್ತಿ ಮುಂದಕ್ಕೂ ಮೇಲಕ್ಕೂ ಸಾಗಬೇಕು. ರಭಸದ ಸರ್ವಿಸ್‌ಗೆ ಏನನ್ನೂ ಸೇರಿಸಬೇಕಿಲ್ಲ. ತೋಳನ್ನು ಅಲುಗಿಸದೆ ಹಿಡಿದರೆ ಸಾಕು, ಬಹಳ ಜೋರಾಗಿದ್ದರೆ ಭುಜವನ್ನು ಕೊಂಚ ಹಿಂದೆ ಬಿಟ್ಟು ರಭಸವನ್ನು ನುಂಗಬೇಕು.

ಪಾಸ್ ಕೆಟ್ಟಾಗ ಚೆಂಡೇ ಕಾರಣ ಹೇಳುತ್ತದೆ. ತಲೆಯ ಮೇಲಿಂದ ಹಿಂದಕ್ಕೆ ಹಾರಿದರೆ ತೋಳು ಭುಜದ ಮಟ್ಟ ದಾಟಿ ಮೇಲೆ ಹೋಗಿದೆ, ಇಲ್ಲವೇ ಮೊಣಕೈ ಮಡಿಸಿದೆ. ತಗ್ಗಾಗಿ ನೆಟ್‌ಗೆ ನುಗ್ಗಿದರೆ ತೋಳು ತೀರಾ ಕೆಳಗೆ ಜೋತಿದೆ, ಹಲಗೆಯ ಮುಖ ಮೇಲಕ್ಕಿಲ್ಲ. ಪಕ್ಕಕ್ಕೆ ಸುತ್ತುತ್ತಾ ಹೋದರೆ ಎರಡು ಮುಂಗೈಗಳ ಮಟ್ಟ ಒಂದೇ ಇಲ್ಲ. ಹೆಬ್ಬೆರಳುಗಳನ್ನು ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳಿಗೋ ಮಣಿಕಟ್ಟಿನ ಮೂಳೆಗೋ ತಾಗಿದರೆ ಕೈಯದಲ್ಲ ತಪ್ಪು, ಕಾಲು ತಡವಾಗಿದೆ. ಮೊಣಕೈ ಹತ್ತಿರ ತಾಗಿದರೆ ಅಗತ್ಯಕ್ಕಿಂತ ಮುಂದೆ ಓಡಿ ಬಂದಿದ್ದಾರೆ. ಈ ಕೊನೆಯ ಎರಡಕ್ಕೂ ‘ಕೈ ಸರಿ ಇಡು’ ಎಂದು ಕೂಗುವುದರಿಂದ ಯಾವ ಪ್ರಯೋಜನವೂ ಇಲ್ಲ.

ಪಾಸ್ ಹೋಗಿ ಬೀಳಬೇಕಾದ ಜಾಗ ನೆಟ್‌ನಿಂದ ಸುಮಾರು 1 ಮೀಟರ್ ಈಚೆ, ಅಂಕಣದ ನಡುವಿಗಿಂತ ಸ್ವಲ್ಪ ಬಲಕ್ಕೆ. ಎತ್ತರ ನೆಟ್‌ನ ಮೇಲಂಚಿಗಿಂತ ಒಂದೆರಡು ಮೀಟರ್ ಮೇಲೆ. ಗುರಿ ತಪ್ಪುವುದಾದರೆ ಈಚೆಗೆ ತಪ್ಪಲಿ. ನೆಟ್‌ನಿಂದ 3 ಮೀಟರ್ ದೂರದ ಅಟ್ಯಾಕ್ ಲೈನ್ ಹತ್ತಿರ ಎತ್ತರವಾಗಿ ಬಿದ್ದ ಪಾಸನ್ನು ಯಾರಾದರೂ ಎತ್ತಿ ಕೊಡಬಹುದು. ನೆಟ್ ದಾಟಿದ ಪಾಸ್ ಎದುರಾಳಿಗೆ ಪುಕ್ಕಟೆ ಸ್ಮ್ಯಾಶ್.

ಸರ್ವಿಸ್

ಆಟದಲ್ಲಿ ಇನ್ನೊಬ್ಬರನ್ನು ಅವಲಂಬಿಸದ ಕೌಶಲ ಇದೊಂದೇ. ರೆಫರಿಯ ಸೀಟಿಯ ನಂತರ 8 ಸೆಕೆಂಡು ಸಮಯವಿದೆ. ಚೆಂಡು ಕೈಯಲ್ಲೇ ಇದೆ. ಆದ್ದರಿಂದ ಸರ್ವಿಸ್ ತಪ್ಪನ್ನು ತಿದ್ದುವುದು ಉಳಿದೆಲ್ಲಕ್ಕಿಂತ ಸುಲಭ.

ಆರಂಭಕ್ಕೆ ಕೆಳಗೈ ಸರ್ವಿಸ್. ಬಲಗೈಯವರಾದರೆ ಎಡಗಾಲು ಮುಂದೆ, ಚೆಂಡು ಎಡ ಅಂಗೈ ಮೇಲೆ, ಸೊಂಟದ ಮಟ್ಟದಲ್ಲಿ, ಬಲ ತೊಡೆಯ ನೇರಕ್ಕೆ. ಬಲಗೈ ತೊಟ್ಟಿಲು ತೂಗಿದಂತೆ ಹಿಂದಿನಿಂದ ನೇರವಾಗಿ ಮುಂದೆ ಬಂದು ಅಂಗೈಯ ಬುಡದಿಂದ ಚೆಂಡಿನ ಹಿಂಭಾಗದ ಕೆಳಗೆ ಹೊಡೆಯಬೇಕು. ಹೊಡೆಯುವ ಮೊದಲು ಎಡಗೈ ಚೆಂಡನ್ನು ಬಿಟ್ಟಿರಬೇಕು ಎನ್ನುವುದು ನಿಯಮ. ಅಂಗೈ ಮೇಲಿರುವಾಗಲೇ ಹೊಡೆದರೆ ತಪ್ಪಾಗುತ್ತದೆ. ಎಡಗೈಯಿಂದ ಮೇಲೆ ಹಾರಿಸುವುದೂ ಬೇಡ, ಅಂಗೈಯನ್ನು ಕೆಳಕ್ಕೆ ಸರಿಸಿದರೆ ಸಾಕು.

ಮುಂದಿನ ಹಂತ ತಲೆಯ ಮೇಲಿಂದ ಹೊಡೆಯುವ ಫ್ಲೋಟ್ ಸರ್ವಿಸ್. ಇದರ ಜೀವ ಇರುವುದು ಚೆಂಡು ಮೇಲೆ ಬಿಡುವ ಕೈಯಲ್ಲಿ. ಎಡಗೈ ನೇರವಾಗಿ ಏರಿ, ಚೆಂಡನ್ನು ಕೈಯಿಂದ 40–60 ಸೆಂಟಿಮೀಟರ್ ಮೇಲಕ್ಕೆ, ಹೊಡೆಯುವ ಭುಜದ ಮುಂದಕ್ಕೆ, ಸುತ್ತು ಕೊಡದೆ ಬಿಡಬೇಕು. ಬಲ ಮೊಣಕೈ ಆಗಲೇ ಕಿವಿಯ ಎತ್ತರದಲ್ಲಿ ಹಿಂದೆ ಇರಬೇಕು. ಎಡಗಾಲಿಗೆ ಒಂದು ಸಣ್ಣ ಹೆಜ್ಜೆ. ಗಟ್ಟಿಯಾಗಿ ಬಿಗಿದ ಅಂಗೈ ಚೆಂಡಿನ ಹಿಂಭಾಗದ ನಡುಮಧ್ಯಕ್ಕೆ ತಾಗಿ ಅಲ್ಲೇ ನಿಲ್ಲಬೇಕು. ಕೈ ಕೆಳಗಿಳಿದರೆ, ಮಣಿಕಟ್ಟು ಮಡಿದರೆ ಚೆಂಡಿಗೆ ಸುತ್ತು ಬರುತ್ತದೆ.

ಸುತ್ತು ಯಾಕೆ ಬೇಡ? ಸುತ್ತುವ ಚೆಂಡಿನ ದಾರಿ ಮೊದಲೇ ಅಂದಾಜಿಗೆ ಸಿಗುತ್ತದೆ. ಮುಂದಕ್ಕೆ ಸುತ್ತಿದರೆ ಬೇಗ ಕೆಳಗಿಳಿಯುತ್ತದೆ, ಪಕ್ಕಕ್ಕೆ ಸುತ್ತಿದರೆ ಆ ಕಡೆ ಬಾಗುತ್ತದೆ. ಸುತ್ತದ ಚೆಂಡಿನ ಹಿಂದೆ ಗಾಳಿ ಒಂದೇ ರೀತಿ ಬಿಟ್ಟುಕೊಳ್ಳುವುದಿಲ್ಲ. ಚೆಂಡಿನ ಮೇಲಿನ ಜೋಡಣೆಯ ಗೆರೆಗಳಿಂದಾಗಿ ಗಾಳಿಯ ಒತ್ತಡ ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ ಹೆಚ್ಚಾಗಿ ಚೆಂಡು ತೊನೆದಾಡುತ್ತದೆ. ಗಂಟೆಗೆ 54 ಕಿಲೋಮೀಟರ್ ವೇಗದ ಸರ್ವಿಸ್ ಸೆಕೆಂಡಿಗೆ 15 ಮೀಟರ್ ಸಾಗುತ್ತದೆ. ಅಂಕಣದ ಉದ್ದ 18 ಮೀಟರ್. ಎದುರಿನವರಿಗೆ ಸಿಗುವುದು ಹೆಚ್ಚುಕಡಿಮೆ ಒಂದೂಕಾಲು ಸೆಕೆಂಡು. ಕೊನೆಯ ಎರಡು ಮೂರು ಮೀಟರ್‌ನಲ್ಲಿ ಚೆಂಡು ಒಂದು ಗೇಣು ಪಕ್ಕಕ್ಕೆ ಸರಿದರೂ ಪಾಸ್ ಕೆಡುತ್ತದೆ.

ಸರ್ವಿಸ್ ನೆಟ್‌ಗೆ ಬಿದ್ದರೆ ಬಹುಪಾಲು ಸಲ ಚೆಂಡು ತೀರಾ ಮುಂದಕ್ಕೆ ಅಥವಾ ತೀರಾ ತಗ್ಗಾಗಿ ಬಿಟ್ಟಿರುತ್ತಾರೆ. ಆಕಾಶಕ್ಕೆ ಏರಿ ಗೆರೆಯಾಚೆ ಹೋದರೆ ಚೆಂಡು ತಲೆಯ ಹಿಂದೆ ಹೋಗಿ, ಕೈ ಅದರ ಕೆಳಭಾಗಕ್ಕೆ ತಾಗಿದೆ. ಬಲಗೈಯವರ ಚೆಂಡು ಪದೇಪದೇ ಎಡಕ್ಕೆ ಹೋಗುತ್ತಿದ್ದರೆ ಬಿಡುವ ಕೈ ಮೂಗಿನ ಮುಂದಕ್ಕೋ ಎಡಕ್ಕೋ ಬಿಡುತ್ತಿದೆಯೇ ನೋಡಿ. ಒಂದು ಸರಳ ಪರೀಕ್ಷೆ: ಹೊಡೆಯದೆ ಹತ್ತು ಸಲ ಚೆಂಡು ಮೇಲೆ ಬಿಟ್ಟು, ನೆಲಕ್ಕೆ ಬೀಳಲು ಬಿಡಿ. ಪ್ರತಿ ಸಲ ಮುಂದಿನ ಪಾದದ ಮುಂದೆ, ಹೊಡೆಯುವ ಭುಜದ ನೇರಕ್ಕೆ ಬೀಳಬೇಕು. ಹತ್ತು ಸಲವೂ ಹತ್ತು ಕಡೆ ಬಿದ್ದರೆ ಹೊಡೆತ ತಿದ್ದುವ ಪ್ರಶ್ನೆಯೇ ಇನ್ನೂ ಬಂದಿಲ್ಲ.

ಹೊಸಬರನ್ನು ಮೊದಲ ದಿನವೇ ಹಿಂದಿನ ಗೆರೆಯಲ್ಲಿ ನಿಲ್ಲಿಸಬಾರದು. ದೂರ ಮುಟ್ಟಿಸುವ ಆತುರದಲ್ಲಿ ಮೈ ತಿರುಚುವುದನ್ನು ಕಲಿತುಬಿಡುತ್ತಾರೆ, ಅದನ್ನು ಬಿಡಿಸಲು ತಿಂಗಳುಗಳು ಬೇಕು. ನೆಟ್‌ನಿಂದ 5 ಮೀಟರ್‌ನಲ್ಲಿ ಶುರು ಮಾಡಿ, ಹತ್ತರಲ್ಲಿ ಏಳು ದಾಟಿದಾಗ ಅರ್ಧ ಮೀಟರ್ ಹಿಂದೆ ಸರಿಸಿ. ಹಿಂದಿನ ಗೆರೆಗೆ ತಾವಾಗಿಯೇ ತಲುಪುತ್ತಾರೆ.

ಸೆಟ್

ಬೆರಳುಗಳಿಂದ ಚೆಂಡು ಎತ್ತಿ ಕೊಡುವ ಈ ಕೆಲಸದಲ್ಲಿ ಬಹಳಷ್ಟು ಜನ ಬೆರಳನ್ನೇ ನೋಡುತ್ತಾರೆ. ಬೆರಳಿನದು ಕೊನೆಯ ಪಾಲು ಮಾತ್ರ. ಚೆಂಡು ಬೀಳುವ ಜಾಗದ ಕೆಳಗೆ ಮೊದಲು ಹೋಗಿ, ನಿಂತು, ಬಲಗಾಲು ಕೊಂಚ ಮುಂದಿಟ್ಟು, ಚೆಂಡು ಕಳಿಸಬೇಕಾದ ಕಡೆಗೆ ಮೈ ತಿರುಗಿಸಿರಬೇಕು. ಬೆರಳು ಮುಟ್ಟದೆ ಬಿಟ್ಟಿದ್ದರೆ ಚೆಂಡು ಹಣೆಗೆ ಬಡಿಯುವಂತೆ ನಿಂತಿರುವುದೇ ಸರಿಯಾದ ಜಾಗ. ಇದನ್ನು ಪರೀಕ್ಷಿಸಲು ಹೊಸಬರಿಗೆ ಚೆಂಡನ್ನು ಹಣೆಯ ಮೇಲೆ ಹಿಡಿಯಲು ಹೇಳಿ. ಹಿಡಿದ ಕ್ಷಣ ಅಲುಗಾಡದೆ ನಿಂತಿದ್ದರೆ ಮುಂದಕ್ಕೆ ಹೋಗಬಹುದು.

ಕೈಗಳು ಹಣೆಯಿಂದ 10–15 ಸೆಂಟಿಮೀಟರ್ ಮೇಲೆ. ಎರಡೂ ಹೆಬ್ಬೆರಳು, ಎರಡೂ ತೋರುಬೆರಳು ಸೇರಿ ಒಂದು ಕಿಟಕಿ ಆಗುತ್ತದೆ. ಆ ಕಿಟಕಿಯಿಂದ ಚೆಂಡು ಕಾಣಬೇಕು. ಹೆಬ್ಬೆರಳುಗಳು ಮುಂದಕ್ಕೆ ಚಾಚದೆ ಕಣ್ಣಿನ ಕಡೆಗೆ ತಿರುಗಿರಲಿ, ಚಾಚಿದರೆ ಉಳುಕುತ್ತವೆ. ಚೆಂಡು ಎಲ್ಲ ಬೆರಳುಗಳ ತುದಿಯ ಮೆತ್ತಗಿನ ಭಾಗಕ್ಕೆ ತಾಗಬೇಕು, ಅಂಗೈಗೆ ತಾಗಬಾರದು. ಮಂಡಿ, ಮೊಣಕೈ, ಮಣಿಕಟ್ಟು ಮೂರೂ ಒಂದೇ ಓಟದಲ್ಲಿ ನೆಟ್ಟಗಾಗುತ್ತವೆ.

ಕೈಯಿಂದ ಹೊರಟ ಚೆಂಡು ಗಿರಗಿರ ಸುತ್ತಿದರೆ ಎರಡು ಕೈ ಒಂದೇ ಸಮಯಕ್ಕೆ ತಾಗಿಲ್ಲ. ಎರಡನೆಯ ಸ್ಪರ್ಶದಲ್ಲಿ ರೆಫರಿ ಅದನ್ನು ಡಬಲ್, ಅಂದರೆ ಒಬ್ಬರೇ ಎರಡು ಸಲ ಮುಟ್ಟಿದ ತಪ್ಪು ಎನ್ನಬಹುದು. ತಂಡದ ಮೊದಲ ಸ್ಪರ್ಶಕ್ಕೆ ಮಾತ್ರ ರಿಯಾಯಿತಿ ಇದೆ, ಒಂದೇ ಚಲನೆಯಲ್ಲಿ ಎರಡು ಬಾರಿ ತಾಗಿದರೂ ನಡೆಯುತ್ತದೆ. ಚೆಂಡನ್ನು ಎದೆಯ ಮಟ್ಟಕ್ಕೆ ಇಳಿಯಲು ಬಿಟ್ಟು ಅಲ್ಲಿಂದ ಎತ್ತಿದರೆ ಹಿಡಿದ ತಪ್ಪು. ಇದಕ್ಕೂ ಕಾರಣ ಕಾಲೇ: ತಡವಾಗಿ ತಲುಪಿದವರು ಚೆಂಡಿಗಾಗಿ ಕಾಯುತ್ತಾ ಕೆಳಗೆ ಬಿಡುತ್ತಾರೆ.

ಎಡ ಮೂಲೆಯ ಸ್ಮ್ಯಾಶರ್‌ಗೆ ಕೊಡುವ ಎತ್ತರದ ಸೆಟ್ ನೆಟ್‌ನಿಂದ ಅರ್ಧದಿಂದ 1 ಮೀಟರ್ ಈಚೆ, ಪಕ್ಕದ ಗೆರೆಯ ಹತ್ತಿರ ಇಳಿಯಬೇಕು. ಇದೊಂದನ್ನು ಚೆನ್ನಾಗಿ ಕೊಡಬಲ್ಲ ಸೆಟ್ಟರ್ ಇದ್ದರೆ ಕಲಿಕೆಯ ಹಂತದ ತಂಡಕ್ಕೆ ಧಾರಾಳವಾಯಿತು. ಬೇಗದ ಸೆಟ್‌ಗಳ ಆಸೆ ಆಮೇಲೆ.

ಸ್ಮ್ಯಾಶ್

ಬಲಗೈಯವರ ಮೂರು ಹೆಜ್ಜೆಯ ಓಟ ಎಡ, ಬಲ, ಎಡ. ಮೊದಲನೆಯದು ಸಣ್ಣದು, ನಿಧಾನ. ಎರಡನೆಯದು ಉದ್ದ, ಹಿಮ್ಮಡಿ ಮೊದಲು ಊರಿ ಮುಂದೋಟಕ್ಕೆ ತಡೆ ಹಾಕುತ್ತದೆ. ಮೂರನೆಯದು ಕ್ಷಣಮಾತ್ರದಲ್ಲಿ ಅದರ ಪಕ್ಕಕ್ಕೆ, ತುಸು ಮುಂದೆ ಬಂದು ಸೇರುತ್ತದೆ. ಆ ಪಾದ ಒಳಕ್ಕೆ ತಿರುಗಿರಬೇಕು. ಎರಡನೆಯ ಹೆಜ್ಜೆಯ ಹೊತ್ತಿಗೆ ಎರಡೂ ತೋಳು ಹಿಂದಕ್ಕೆ ಬೀಸಿ, ಜಿಗಿತದೊಂದಿಗೆ ಮೇಲೆ ಬರಬೇಕು. ಓಟದ ವೇಗ ಹೀಗೆ ಎತ್ತರವಾಗಿ ಬದಲಾಗುತ್ತದೆ. ಬಲ, ಎಡ, ಬಲ ಎಂದು ತಿರುವುಮುರುವಾಗಿ ಕಲಿತ ಬಲಗೈಯವರಿಗೆ ಭುಜ ಹಿಂದಕ್ಕೆ ತೆರೆಯುವುದಿಲ್ಲ, ಹೊಡೆತ ತೋಳಿನಿಂದಷ್ಟೇ ಬರುತ್ತದೆ. ಚೆಂಡಿಲ್ಲದೆ ಹೆಜ್ಜೆಯನ್ನಷ್ಟೇ ಮೊದಲು ಮೈಗೂಡಿಸಬೇಕು.

ಗಾಳಿಯಲ್ಲಿ ಮೊಣಕೈ ಎತ್ತರದಲ್ಲಿ ಹಿಂದೆ, ಎಡಗೈ ಚೆಂಡಿನತ್ತ. ಎಡಗೈ ಕೆಳಗಿಳಿಯುತ್ತಿದ್ದಂತೆ ಬಲ ಭುಜ ಮುಂದೆ ಬರುತ್ತದೆ. ತೋಳು ಪೂರ್ತಿ ಚಾಚಿದ ಎತ್ತರದಲ್ಲಿ, ಭುಜದ ಮುಂದೆ, ತೆರೆದ ಅಂಗೈ ಚೆಂಡಿನ ಮೇಲ್ಭಾಗಕ್ಕೆ ತಾಗಿ ಮಣಿಕಟ್ಟು ಮಡಿಯುತ್ತದೆ. ಇಳಿಯುವುದು ಎರಡೂ ಕಾಲಿನ ಮೇಲೆ, ಮಂಡಿ ಬಾಗಿಸಿ. ಯಾವಾಗಲೂ ಒಂದೇ ಕಾಲಿನ ಮೇಲೆ ಇಳಿಯುವ ಅಭ್ಯಾಸ ಆ ಮಂಡಿಯನ್ನು ತಿನ್ನುತ್ತದೆ. ಇದನ್ನು ಕಂಡ ಕೂಡಲೇ ನಿಲ್ಲಿಸಿ ತಿದ್ದಬೇಕು, ಹೊಡೆತ ಎಷ್ಟೇ ಚೆನ್ನಾಗಿದ್ದರೂ.

ಹೊಸಬರ ತಪ್ಪು ಹೆಚ್ಚುಕಡಿಮೆ ಯಾವಾಗಲೂ ಒಂದೇ: ಬೇಗ ಓಡಿಬಿಡುವುದು. ಚೆಂಡು ತಲೆಯ ಹಿಂದೆ ಉಳಿಯುತ್ತದೆ, ಹೊಡೆದದ್ದು ಮೇಲೆ ಹಾರಿ ಹೊರಗೆ ಹೋಗುತ್ತದೆ. ಎತ್ತರದ ಸೆಟ್ ಆದರೆ ಚೆಂಡು ಸೆಟ್ಟರ್ ಕೈ ಬಿಟ್ಟು ಅದರ ದಾರಿ ಕಂಡ ಮೇಲೆ ಹೊರಟರೂ ಸಮಯ ಸಾಕಷ್ಟಿದೆ. ಇಷ್ಟಕ್ಕೂ ಗಂಡಸರ ನೆಟ್ 2.43 ಮೀಟರ್, ಹೆಂಗಸರದು 2.24 ಮೀಟರ್. ಮಕ್ಕಳನ್ನು ಆ ಎತ್ತರಕ್ಕೆ ಹೊಡೆಯಲು ಹಚ್ಚಿದರೆ ಚೆಂಡನ್ನು ಕೆಳಗಿನಿಂದ ಎತ್ತಿ ತಳ್ಳುವುದನ್ನೇ ಕಲಿಯುತ್ತಾರೆ. ನಿಂತಲ್ಲೇ ಕೈ ಎತ್ತಿದರೆ ಬೆರಳ ತುದಿ ಮೇಲಂಚು ಮುಟ್ಟುವಷ್ಟು ನೆಟ್ ತಗ್ಗಿಸಿ.

ಬ್ಲಾಕ್, ಡಿಗ್

ಬ್ಲಾಕ್ ಕಣ್ಣಿನ ಕೆಲಸ. ಮೊದಲು ಪಾಸ್ ನೋಡಿ, ಆಮೇಲೆ ಸೆಟ್ಟರ್, ಆಮೇಲೆ ಚೆಂಡು ಹೊರಟ ದಿಕ್ಕು, ಕೊನೆಗೆ ಹೊಡೆಯುವವರ ಭುಜ ಮತ್ತು ತೋಳು. ಕೊನೆಯವರೆಗೂ ಚೆಂಡನ್ನೇ ನೋಡುತ್ತಾ ನಿಂತವರು ತಪ್ಪು ಜಾಗದಲ್ಲಿ ಜಿಗಿಯುತ್ತಾರೆ. ಎತ್ತರದ ಸೆಟ್‌ಗೆ ಹೊಡೆಯುವವರಿಗಿಂತ ತುಸು ತಡವಾಗಿ ಜಿಗಿಯಬೇಕು. ಕೈ ನೆಟ್‌ಗೆ ಹತ್ತಿರದಿಂದಲೇ ಮೇಲೇರಿ ಆಚೆಗೆ ಚಾಚಬೇಕು, ಬೆರಳು ಬಿಗಿಯಾಗಿ ಅಗಲಿಸಿರಬೇಕು. ಕೈ ಬೀಸಿದರೆ ನೆಟ್ ತಾಗುತ್ತದೆ. ಬ್ಲಾಕ್‌ಗೆ ತಾಗಿದ್ದು ಮೂರು ಸ್ಪರ್ಶದ ಲೆಕ್ಕಕ್ಕೆ ಬಾರದು.

ಡಿಗ್ ಎಂದರೆ ಹೊಡೆದ ಚೆಂಡನ್ನು ನೆಲಕ್ಕೆ ಬೀಳದಂತೆ ಎತ್ತುವುದು. ಪಾಸ್‌ಗಿಂತ ಮೈ ಇನ್ನೂ ತಗ್ಗಿರಬೇಕು. ಎದುರಾಳಿಯ ಕೈ ಚೆಂಡಿಗೆ ತಾಗುವ ಕ್ಷಣಕ್ಕೆ ನೀವು ನಿಂತಿರಬೇಕು. ಅರ್ಧ ಹೆಜ್ಜೆ ತಪ್ಪಾದ ಜಾಗದಲ್ಲಿ ನಿಂತಿರುವುದು, ಸರಿಯಾದ ಜಾಗಕ್ಕೆ ಓಡುತ್ತಿರುವುದಕ್ಕಿಂತ ಮೇಲು. ಎತ್ತಿದ ಚೆಂಡು ಅಂಕಣದ ನಡುವೆ ಎತ್ತರವಾಗಿ ಬಂದರೆ ಸಾಕು, ಸೆಟ್ಟರ್ ಓಡಿ ಬರಲಿ.

ಅಭ್ಯಾಸದ ಲೆಕ್ಕ

12 ಜನರನ್ನು ಸಾಲಾಗಿ ನಿಲ್ಲಿಸಿ ಕೋಚ್ ಒಬ್ಬರೇ 5 ಸೆಕೆಂಡಿಗೊಂದು ಚೆಂಡು ಎಸೆದರೆ ನಿಮಿಷಕ್ಕೆ 12 ಪಾಸ್. ಒಬ್ಬೊಬ್ಬರಿಗೆ ನಿಮಿಷಕ್ಕೆ ಒಂದು, ಹತ್ತು ನಿಮಿಷಕ್ಕೆ ಹತ್ತು. ಅದೇ 12 ಜನರನ್ನು ಮೂರು ಮೂರರಂತೆ ನಾಲ್ಕು ಗುಂಪು ಮಾಡಿ, ಒಬ್ಬರು ಎಸೆಯಲು, ಒಬ್ಬರು ಪಾಸ್ ಮಾಡಲು, ಒಬ್ಬರು ಸೆಟ್ಟರ್ ಜಾಗದಲ್ಲಿ ಹಿಡಿಯಲು ನಿಲ್ಲಿಸಿ ಸರದಿ ಬದಲಿಸಿದರೆ ಅದೇ ಹತ್ತು ನಿಮಿಷದಲ್ಲಿ ಒಬ್ಬೊಬ್ಬರಿಗೆ 40 ಪಾಸ್. ಬೇಕಾದದ್ದು ನಾಲ್ಕು ಚೆಂಡು ಅಷ್ಟೇ. ಸರದಿಯಲ್ಲಿ ಕಾಯುತ್ತಾ ನಿಂತವರು ಕಲಿಯುವುದು ಕಾಯುವುದನ್ನು.

ಮೂವರ ಗುಂಪಿಗೆ ಇನ್ನೊಂದು ಲಾಭವಿದೆ. ಇಬ್ಬರು ಎದುರುಬದುರು ನಿಂತು ಪಾಸ್ ಆಡುವಾಗ ಚೆಂಡು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಪಂದ್ಯದಲ್ಲಿ ಹೀಗೆ ಆಗುವುದು ಅಪರೂಪ; ಚೆಂಡು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗಬೇಕು. ಎದುರುಬದುರು ನೂರು ಪಾಸ್ ತಪ್ಪದೆ ಆಡುವವರು ಪಂದ್ಯದಲ್ಲಿ ತಡವರಿಸುವುದು ಇದರಿಂದಲೇ, ಮುಂಗೈ ಹಲಗೆಯನ್ನು ಓರೆ ಮಾಡುವ ಅಭ್ಯಾಸ ಅವರಿಗೆ ಆಗಿಲ್ಲ. ಮೊದಲ ಕೆಲವು ದಿನ ಕೈ ಕೂಡಿಬರಲು ಎದುರುಬದುರು ಸಾಕು. ಆಮೇಲೆ ತ್ರಿಕೋನ, ಅದಾದ ಮೇಲೆ ನೆಟ್ ಆಚೆಯಿಂದ ನಿಜವಾದ ಸರ್ವಿಸ್.

ಒಂದೇ ಕೌಶಲವನ್ನು ಅರ್ಧ ಗಂಟೆ ಒಂದೇ ರೀತಿ ಮಾಡಿಸಿದರೆ ಆ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ, ಮರುದಿನಕ್ಕೆ ಉಳಿಯುವುದು ಕಡಿಮೆ. ಬೆರೆಸಿ ಮಾಡಿಸಿದಾಗ ತಪ್ಪು ಹೆಚ್ಚು ಕಾಣುತ್ತದೆ, ಕಲಿತದ್ದು ಮಾತ್ರ ನಿಲ್ಲುತ್ತದೆ. ಅಂಕಣವನ್ನು ಉದ್ದಕ್ಕೆ ಸೀಳಿ 4.5 ಮೀಟರ್ ಅಗಲದ ಎರಡು ಪಟ್ಟಿ ಮಾಡಿ ಇಬ್ಬರಿಬ್ಬರ ಅಥವಾ ಮೂವರು ಮೂವರ ಆಟ ಆಡಿಸುವುದು ಇದಕ್ಕೆ ಒಳ್ಳೆಯ ದಾರಿ. ಆರು ಜನರ ಆಟದಲ್ಲಿ ಚೆಂಡು ಮುಟ್ಟದೆಯೇ ಎಷ್ಟೋ ಹೊತ್ತು ಕಳೆಯಬಹುದು, ಇಲ್ಲಿ ಅಡಗಿಕೊಳ್ಳಲು ಜಾಗವಿಲ್ಲ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಮಾತು. ‘ಮಂಡಿ ಬಗ್ಗಿಸು, ಮೊಣಕೈ ನೇರ ಇಡು, ಚೆಂಡು ನೋಡು’ ಎಂದು ಒಟ್ಟಿಗೆ ಹೇಳಿದರೆ ಯಾವುದೂ ತಲೆಗೆ ಹೋಗುವುದಿಲ್ಲ. ಮೈಯ ಬಗ್ಗೆ ಹೇಳುವುದಕ್ಕಿಂತ ಚೆಂಡಿನ ಬಗ್ಗೆ ಹೇಳಿದ್ದು ಬೇಗ ತಾಗುತ್ತದೆ: ‘ಮಣಿಕಟ್ಟು ಗಟ್ಟಿ ಮಾಡು’ ಎನ್ನುವ ಬದಲು ‘ಚೆಂಡು ಸುತ್ತದಂತೆ ಕಳಿಸು’ ಎನ್ನಿ. ಪ್ರತಿ ಪಾಸಿಗೂ ಬಾಯಿ ಹಾಕಬೇಡಿ. ನಾಲ್ಕೈದು ಪಾಸ್ ನೋಡಿ, ಮತ್ತೆ ಮತ್ತೆ ಬರುವ ತಪ್ಪನ್ನಷ್ಟೇ ಹೇಳಿ.

ಚೆಂಡಿನ ಗಾಳಿಯನ್ನೂ ನೋಡಬೇಕು. ನಿಯಮದ ಚೆಂಡಿನ ಸುತ್ತಳತೆ 65–67 ಸೆಂಟಿಮೀಟರ್, ತೂಕ 260–280 ಗ್ರಾಂ, ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ 0.30–0.325 ಕಿಲೋಗ್ರಾಂ. ಕಲ್ಲಿನಂತೆ ಗಾಳಿ ತುಂಬಿದ ಚೆಂಡಿನಲ್ಲಿ ಕಲಿಯುವ ಮಕ್ಕಳು ಕೈ ನೋವಿಗೆ ಹೆದರಿ ಕೊನೇ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾರೆ, ತೋಳು ಹಿಂದೆಳೆಯುತ್ತಾರೆ. 12 ವರ್ಷದೊಳಗಿನವರಿಗೆ 200 ಗ್ರಾಂ ಆಸುಪಾಸಿನ ಹಗುರ ಚೆಂಡು ಕೊಟ್ಟರೆ ಆ ಹೆದರಿಕೆ ಹುಟ್ಟುವುದೇ ಇಲ್ಲ.

ಪ್ರಗತಿ ಅಳೆಯಲು ಪ್ರತಿ ಪಾಸಿಗೆ 0ಯಿಂದ 3ರವರೆಗೆ ಅಂಕ ಬರೆದುಕೊಳ್ಳುವುದು ಕೋಚ್‌ಗಳ ನಡುವೆ ಬಳಕೆಯಲ್ಲಿರುವ ಪದ್ಧತಿ. ಸೆಟ್ಟರ್ ಯಾರಿಗೆ ಬೇಕಾದರೂ ಚೆಂಡು ಕೊಡಬಹುದಾದರೆ 3, ಕೆಲವರಿಗೆ ಮಾತ್ರ ಸಾಧ್ಯವಾದರೆ 2, ಹೇಗೋ ಒಬ್ಬರಿಗೆ ಎತ್ತಿ ಕೊಡುವಂತಿದ್ದರೆ ಅಥವಾ ಸುಮ್ಮನೆ ಆಚೆ ದಾಟಿಸಬೇಕಾದರೆ 1, ಪಾಯಿಂಟ್ ಹೋದರೆ 0. ಒಬ್ಬರ ಇಪ್ಪತ್ತು ಪಾಸುಗಳ ಸರಾಸರಿ ತೆಗೆದು ಕೆಲವು ವಾರಗಳ ನಂತರ ಮತ್ತೆ ನೋಡಿ. ಎಡಪಕ್ಕಕ್ಕೆ ಬಂದವು, ಬಲಪಕ್ಕಕ್ಕೆ ಬಂದವು ಎಂದು ಬೇರೆಬೇರೆ ಬರೆದರೆ ಯಾವ ಕಡೆಯ ಹೆಜ್ಜೆ ತಡವಾಗುತ್ತಿದೆ ಎಂಬುದೂ ಕಾಣುತ್ತದೆ.

ಇನ್ನು ಇಬ್ಬರ ನಡುವೆ ಬೀಳುವ ಸರ್ವಿಸ್. ಇಬ್ಬರಿಗೂ ಪಾಸ್ ಚೆನ್ನಾಗಿ ಬರುತ್ತದೆ, ಆದರೂ ಚೆಂಡು ನಡುವೆ ನೆಲಕ್ಕೆ ಬೀಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಇದನ್ನು ತಿದ್ದಲು ಎರಡು ಕಟ್ಟುಪಾಡು ಸಾಕು. ನಡುವೆ ಬಂದ ಚೆಂಡು ಇಬ್ಬರಲ್ಲಿ ಯಾರದು ಎಂದು ಸರ್ವಿಸ್‌ಗೆ ಮೊದಲೇ ಮಾತಾಡಿಕೊಂಡಿರಬೇಕು. ತೆಗೆದುಕೊಳ್ಳುವವರು ಚೆಂಡು ನೆಟ್ ದಾಟುವ ಮೊದಲೇ ‘ನಂದು’ ಎಂದು ಗಟ್ಟಿಯಾಗಿ ಕೂಗಬೇಕು. ದಾಟಿದ ಮೇಲೆ ಕೂಗಿದರೆ ತಡ, ಅಷ್ಟರಲ್ಲಿ ಇನ್ನೊಬ್ಬರ ಕಾಲು ಹೊರಟಿರುತ್ತದೆ. ಅಭ್ಯಾಸದಲ್ಲಿ ಕೂಗದೆ ಮಾಡಿದ ಪಾಸ್ ಎಷ್ಟೇ ಚೆನ್ನಾಗಿದ್ದರೂ ಅಂಕ ಕೊಡಬೇಡಿ. ಒಂದೆರಡು ವಾರದಲ್ಲಿ ಕೂಗು ತಾನಾಗಿ ಬರುತ್ತದೆ.